ಅಂಗಡಿ ಕಂಪ್ಯೂಟರಿಗೆ ಯಾವ ಭಾಷಾ?

2025ರ ಸಪ್ಟೆಂಬರ್ 22ಕ್ಕ ಜಿಎಸ್‌ಟಿ ದರ ಬದಲಾತು ನೋಡ್ರಿ. ಸಾಬಣ, ಪೇಸ್ಟ್, ತಲಿಗೆ ಹಚ್ಚೂ ಎಣ್ಣಿ 18 ಇದ್ದದ್ದು 5ಕ್ಕ ಇಳೀತು. ತುಪ್ಪ 12 ಇದ್ದದ್ದು 5 ಆತು. ಅವತ್ತ ಮುಂಜಾನೆ ನಮ್ಮ ಕಿರಾಣಿ ಅಂಗಡಿ ಕಂಪ್ಯೂಟರ್ ಮಾತ್ರ 18 ಅಂತನ ಬಿಲ್ ತಗದು ಕೊಡ್ತು. ಹೋಲ್‌ಸೇಲ್ ಮಾಲ ಒಯ್ಯಾಕ ಬಂದಾಕಿ ಬಿಲ್ ಹಿಡಕೊಂಡು, "ವೈನಿ, ಟಿವ್ಯಾಗ ಒಂದ ಹೇಳ್ತಾರ, ನಿಮ್ಮ ಡಬ್ಬಿ ಒಂದ ಹೇಳ್ತೈತೆಲ್ಲ?" ಅಂದ್ಳು. ನಾಚಿಕಿ ಬಂತು ನನಗ. ಎಂಟ ದಿನ ಕೈಲೆ ಬಿಲ್ ಬರದು ಕೊಟ್ಟೀವಿ.

ಆ ಸಾಫ್ಟ್‌ವೇರ್ ನನ್ನ ಮೈದುನನ ಮಗಾ ಇಂಜಿನಿಯರಿಂಗ್ ಓದೂ ಮುಂದ ಬರದಿದ್ದು. ರಸ್ಟ್ ಅನ್ನೂ ಭಾಷಾದಾಗ. "ತುಕ್ಕ ಅಂದಂಗಾತಲ್ಲೋ" ಅಂತ ನಾ ನಕ್ಕಿದ್ದೆ. "ದೊಡ್ಡವ್ವ, ಇದು ಹೊಸಾದು, ಭಾಳ ಜೋರ ಓಡತೈತಿ, ತಪ್ಪ ಇದ್ರ ಮೊದಲ ಹಿಡದು ತೋರಸ್ತೈತಿ" ಅಂದಿದ್ದ. ಖರೆನ ಇರಬೇಕು, ದೊಡ್ಡ ಕಂಪನ್ಯಾವ್ರು ಸುಮ್ಮನ ತಗೊಂಡಿರಂಗಿಲ್ಲ. ಆದ್ರ ನಮ್ಮ ಅಂಗಡ್ಯಾಗ ತಡಾ ಆಗೂದು ಬೆಲ್ಲಾ ತೂಗೂದಕ್ಕ, ಲೆಕ್ಕಾ ಕೂಡಿಸೂದಕ್ಕಲ್ಲ.

ಅವಗ ಪುಣೇದಾಗ ನೌಕರಿ ಹತ್ತೇತಿ. ಫೋನ್ ಮಾಡಿದ್ರ ಮೀಟಿಂಗ್. ಅಥಣಿಯಿಂದ ಕಂಪ್ಯೂಟರ್ ರಿಪೇರಿ ಹುಡುಗನ್ನ ಕರಿಸಿದಿವಿ. "ಕಾಕಿ, ಇಲ್ಲೆ ಓಡೂದಷ್ಟ ಐತಿ, ಬರದದ್ದ ಇಲ್ಲ" ಅಂದ. ತಿಳಿಲಿಲ್ಲ ನನಗ. ಆಮ್ಯಾಲ ಬಿಡಿಸಿ ಹೇಳಿದ: ಕೆಲವು ಭಾಷಾದಾಗ ಮನಷ್ಯಾ ಬರದದ್ದನ್ನ ಮಷಿನ್‌ಗೆ ತಿಳಿಯೂವಂಗ ಬೀಸಿ ಕೊಡ್ತಾರ, ನಮ್ಮ ಕೈಯಾಗ ಬರೂದು ಆ ಹಿಟ್ಟ. ಜ್ವಾಳ ಹುಡುಗನ ಲ್ಯಾಪ್‌ಟಾಪಿನ್ಯಾಗ, ಪುಣೇಕ! ರಾತ್ರಿ ಜ್ವಾಳಾನೂ ಕಳಿಸಿದ ಅನ್ರಿ. ಆಗ ರಿಪೇರಿ ಹುಡುಗ, "ಪಿಎಚ್‌ಪಿ, ಪೈಥಾನ್, ಜಾವಾ ಇದ್ದಿದ್ರ ನೋಡ್ತಿದ್ನಿ, ಇದು ನನಗ ಓದಾಕ ಬರಂಗಿಲ್ಲ" ಅಂದ.

ಓದಾಕ ಬರಂಗಿಲ್ಲ ಅಂದ ಕೂಡ್ಲೆ ನನಗ ಅಟ್ಟದ ಮ್ಯಾಲಿನ ಟ್ರಂಕ ನೆನಪಾತು. ನಮ್ಮ ಮಾವನ ಅಪ್ಪ ಬರದ ವಹಿ ಅದರಾಗ ಅದಾವ, ಎಲ್ಲಾ ಮೋಡಿ ಲಿಪ್ಯಾಗ. 1956ರ ತನಕಾ ನಾವು ಮುಂಬೈ ಪ್ರಾಂತದಾಗ ಇದ್ದಾವ್ರು, ಆಗಿನವ್ರ ಲೆಕ್ಕಾ, ಕಾಗದಾ ಭಾಳ ಅದರಾಗ ಇರತಿದ್ದು. ಟಾಕ ಎತ್ತದ ಸರಸರ ಬರ್ಯಾಕ ಅದರಂಥಾ ಲಿಪಿ ಇಲ್ಲ ಅಂತಿದ್ರು. ಜೋರ ಓಡತಿತ್ತು, ಈ ಹುಡುಗನ ರಸ್ಟಿನಂಗ! ಒಂದ ಹೊಲದ ಬಾಂದದ ತಕರಾರು ಬಂದಾಗ ಆ ವಹಿ ಹಿಡಕೊಂಡು ಮಿರಜಕ್ಕ ಹೋಗಿ, ಮೋಡಿ ಬಲ್ಲ ಮುದುಕರ ಮುಂದ ಕುಂತು ಓದಿಸಿಕೊಂಡು ಬಂದೀವಿ. ನಮ್ಮ ಮನಿ ಲೆಕ್ಕಾ, ನಮಗ ಓದಾಕ ಬರಂಗಿಲ್ಲ.

ಇದು ನಮ್ಮ ಕಡೆ ಅಷ್ಟ ಅಲ್ರಿ. ಅಮೆರಿಕಾದಾಗ 1959ರಾಗ ಕೋಬಾಲ್ ಅಂತ ಒಂದ ಭಾಷಾ ಕಟ್ಟಾಕ ಚಾಲೂ ಮಾಡಿದ್ರು, ವ್ಯಾಪಾರದ ಲೆಕ್ಕಕ್ಕಂತನ. ಅದಕ್ಕ ಬುನಾದಿ ಆಗಿದ್ದು ಗ್ರೇಸ್ ಹಾಪರ್ ಅನ್ನೂ ಹೆಣಮಗಳ ಕೆಲಸ. ಆಕಿ ನೌಕಾದಳದಾಗ ಇದ್ದಾಕಿ. ಮಂದಿ ಮಾತಾಡೂ ಇಂಗ್ಲಿಷಿನಂಗ ಇದ್ರ ಧಂದೇದಾವ್ರಿಗೂ ತಿಳಿತೈತಿ ಅನ್ನೂದು ಆಕಿ ಹಟ. ಎಷ್ಟ ಶಾಣ್ಯಾಕಿ ನೋಡ್ರಿ. ಆದ್ರ ಮುಂದಿನ ಹುಡುಗೂರು ಹೊಸಾ ಭಾಷಾದ ಬೆನ್ನ ಹತ್ತಿ ಅದನ್ನ ಕಲಿಯೂದ ಬಿಟ್ರು. 2020ರ ಏಪ್ರಿಲ್‌ದಾಗ, ಕೊರೊನಾ ಹೊತ್ತಿನ್ಯಾಗ, ಕೆಲಸಾ ಕಳಕೊಂಡ ಮಂದಿಗೆ ರೊಕ್ಕಾ ಹಂಚೂ ಹಳೇ ಕಂಪ್ಯೂಟರ್ ಗುದ್ದಾಡಾಕ ಹತ್ತಿದ್ವು. ನ್ಯೂಜೆರ್ಸಿ ಗವರ್ನರ್ ಸ್ವತಾ ನಿಂತು, ಕೋಬಾಲ್ ಬಲ್ಲವ್ರು ಬರ್ರಿ ಅಂತ ಕರದ್ರು. ಅವರದೂ ಮಿರಜದ ಮುದುಕರನ್ನ ಹುಡುಕಿದಂಗ.

ಅದಕ್ಕ ನಾ ಹೇಳೂದು, ಭಾಷಾ ಯಾವದ ಛಲೋ ಅಂತ ಬರ್ಯಾವನ್ನ ಕೇಳಬ್ಯಾಡ್ರಿ. ಅಂವ ತಾ ಹೊಸದಾಗಿ ಕಲತದ್ದನ್ನ ಹೇಳ್ತಾನ. ಇಂವ ಊರ ಬಿಟ್ಟ ಮ್ಯಾಲ ಅಥಣ್ಯಾಗ, ಚಿಕ್ಕೋಡ್ಯಾಗ ಇದನ್ನ ಓದಾವ್ರು ನಾಕ ಮಂದಿ ಸಿಗ್ತಾರೇನು ಅಂತ ಕೇಳ್ರಿ. ಬರದ ಜ್ವಾಳ ನಮ್ಮ ಮನ್ಯಾಗ ಇಡಸ್ಕೋರಿ. ಬರೇ ಬಿಲ್ಲು, ಟ್ಯಾಕ್ಸ್ ಇದ್ರ ಬರಿಸೂದ ಬ್ಯಾಡ. ಬೆಂಗಳೂರಿನ ಕಂಪನೀದ ಟ್ಯಾಲಿ ಐತಿ, ಅದನ್ನ ಬಲ್ಲವ್ರು ತಾಲೂಕಿಗೆಲ್ಲಾ ಸಿಗ್ತಾರ. ನಮಗ ಬರಿಸೂ ಗರಜ ಬಿದ್ದಿದ್ದು ಉದ್ರಿ ಲೆಕ್ಕಕ್ಕ. "ಕಬ್ಬಿನ ಬಿಲ್ ಬಂದಾಗ ಕೊಡ್ತೇನಿ" ಅಂತ ಒಯ್ದು, ಅರ್ಧಾ ಕೊಟ್ಟು, ಮತ್ತ ಒಯ್ಯೂ ಲೆಕ್ಕಾ ನಮ್ಮದು.

ಮತ್ತೊಂದ ಮಾತ, ರಸ್ಟಿನ ಮ್ಯಾಲ ಎಲ್ಲಾ ತಪ್ಪ ಹಾಕಬಾರದು. ಹುಡುಗ ಆ 18ನ್ನ ಬರವಣಿಗಿ ಒಳಗ ಅಲ್ಲಲ್ಲಿ ಕಲಸಿ ಬಿಟ್ಟಿದ್ದ. ಯಾವ ಭಾಷಾದಾಗ ಬರದ್ರೂ ಅದು ಕೈಗೆ ಸಿಗ್ತಿದ್ದಿಲ್ಲ. ದರಾ ಅನ್ನೂದು ಉಪ್ಪಿನ ಡಬ್ಬಿಯಂಗ ಬ್ಯಾರೆ ಇರಬೇಕು.

ದೀಪಾವಳಿಗೆ ಬಂದಾಗ ಕುಂದ್ರಿಸಿ ಪೈಥಾನ್‌ದಾಗ ಬರಿಸೀನಿ. ಮೂರ ದಿನ ಕರಚಿಕಾಯಿ ತಿನ್ಕೋತ ಬರದ. ದರಾ ಬದಲಸೂದು ಹ್ಯಾಂಗ ಅಂತ ನೂರ ಪಾನಿನ ಪಟ್ಟಿಯಾಗ ಕನ್ನಡದಾಗ ಬರಸ್ಕೊಂಡು, ಅಂವ ಇರೂತನಾ ನಾನ ಎರಡ ಸರ್ತಿ ಬದಲ ಮಾಡಿ ನೋಡೀನಿ. ಮೊದಲಿನಷ್ಟ ಜೋರ ಓಡಂಗಿಲ್ಲ ಅಂತ ಇನ್ನೂ ಮಾರಿ ಸಣ್ಣ ಮಾಡ್ತಾನ. ಮಾಡ್ಲಿ ಬಿಡ್ರಿ.