ಡಾಕ್ಟರೇ, ಸ್ವಲ್ಪ ಇತ್ತ ನೋಡಿ

ವೈದ್ಯಕೀಯ ಕಾಲೇಜುಗಳಲ್ಲಿ ಈಗ ರೋಗಿಯೊಡನೆ ಮಾತಾಡುವುದನ್ನೂ ಕಲಿಸುತ್ತಾರೆ. 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಮೊದಲ್ಗೊಂಡು ‘ಏಟ್‌ಕಾಮ್’ ಎಂಬ ಪಾಠ ಪಠ್ಯಕ್ರಮದ ಭಾಗವಾಗಿದೆ. ಮನೋಭಾವ, ನೈತಿಕತೆ, ಸಂವಹನ ಈ ಮೂರನ್ನು ಕೂಡಿಸಿದ ಹೆಸರದು. ಸಂತೋಷ. ಎರಡು ವರ್ಷ ಕಳೆದು, 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ವಿಸ್ತರಿಸಿತು. 14 ಅಂಕಿಗಳ ಆಭಾ ಸಂಖ್ಯೆ ಬಂತು. ರೋಗಿಯ ಚರಿತ್ರೆ ಕಾಗದದಿಂದ ಕಂಪ್ಯೂಟರಿಗೆ ಸರಿಯುತ್ತಿದೆ. ಇದೂ ಸಂತೋಷವೇ. ಮಳೆಯಲ್ಲಿ ನೆನೆದ ಚೀಟಿ, ಔಷಧಿ ಅಂಗಡಿಯವನೂ ಓದಲಾರದ ಬರಹ ಮತ್ತೆ ಬೇಕೆಂದು ನಾವು ಹೇಳುತ್ತಿಲ್ಲ.

ನಮ್ಮ ತಕರಾರು ಬೇರೆ. ಸೆಮಿನಾರ್ ಹಾಲಿನಲ್ಲಿ ಎರಡು ಕುರ್ಚಿ ಹಾಕಿ, ಒಬ್ಬ ವಿದ್ಯಾರ್ಥಿ ರೋಗಿಯಾಗಿ ಇನ್ನೊಬ್ಬ ವೈದ್ಯನಾಗಿ ನಟಿಸಿ, ನಡುವೆ ಕಂಪ್ಯೂಟರೇ ಇಲ್ಲದೆ ಕಲಿತ ಸೌಜನ್ಯ ಓಪಿಡಿಯಲ್ಲಿ ಎಷ್ಟು ಹೊತ್ತು ಉಳಿದೀತು? ಅಲ್ಲಿ ಅವರು ಕಲಿಯುವುದು ಪುಸ್ತಕದಿಂದಲ್ಲ, ಪರದೆಗೆ ಅಂಟಿಕೊಂಡ ಸೀನಿಯರ್‌ನಿಂದ.

ಅಮೆರಿಕ ಈ ದಾರಿಯಲ್ಲಿ ನಮಗಿಂತ ಮೊದಲೇ ಪೆಟ್ಟು ತಿಂದಿದೆ. 2009ರ ಕಾಯ್ದೆಯೊಂದು ಹಣ ಕೊಟ್ಟು ಆಸ್ಪತ್ರೆಗಳನ್ನು ಕಂಪ್ಯೂಟರಿಗೆ ಹಚ್ಚಿತು. 2012ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಬಿಡಿಸಿದ ಚಿತ್ರ ಅಚ್ಚಾಯಿತು. ಹುಡುಗಿ ಪರೀಕ್ಷೆಯ ಮೇಜಿನ ಮೇಲೆ, ತಾಯಿ ಪಕ್ಕದಲ್ಲಿ, ಡಾಕ್ಟರು ಮಾತ್ರ ಬೆನ್ನು ತಿರುಗಿಸಿ ಕಂಪ್ಯೂಟರಿನಲ್ಲಿ ಮುಳುಗಿದ್ದಾರೆ! ಮದ್ರಾಸಿನಲ್ಲಿ ವೈದ್ಯಕೀಯ ಓದಿ ಅಲ್ಲಿಗೆ ಹೋದ ಅಬ್ರಹಾಂ ವರ್ಗೀಸ್ 2008ರಲ್ಲೇ ಎಚ್ಚರಿಸಿದ್ದರು: ಯಂತ್ರದೊಳಗಿನ ‘ಐ-ಪೇಶೆಂಟ್’ಗೆ ಭರ್ಜರಿ ಆರೈಕೆ, ಹಾಸಿಗೆಯಲ್ಲಿರುವ ನಿಜವಾದ ರೋಗಿಯನ್ನು ಕೇಳುವವರಿಲ್ಲ.

ನಮ್ಮಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ, ಅದು ಭಾಷೆ. ನಮ್ಮ ಮನೆಯ ಹೆಂಗಸರು ‘ಜೀ ಘಬ್ರಾರಾ’ ಎನ್ನುತ್ತಾರೆ. ಪಕ್ಕದ ಮನೆಯವರು ‘ಯಾಕೋ ಸಂಕಟ ಆಗ್ತಿದೆ’ ಎನ್ನುತ್ತಾರೆ. ಇಂಗ್ಲಿಷಿನ ಆ ಪಟ್ಟಿಯಲ್ಲಿ ಇದಕ್ಕೆ ಯಾವ ಕಾಲಂ? ಅವಸರದ ಬೆರಳು ಗ್ಯಾಸ್ಟ್ರಿಕ್ ಎಂದು ಒತ್ತಿ ಮುಂದೆ ಹೋಗುತ್ತದೆ. ಹೃದಯಾಘಾತ ಎಲ್ಲರಿಗೂ ಎದೆ ಹಿಡಿದುಕೊಂಡೇ ಬರುವುದಿಲ್ಲ. ಅದರಲ್ಲೂ ಹೆಂಗಸರಲ್ಲಿ ಎಷ್ಟೋ ಸಲ ಉಬ್ಬಸ, ಸುಸ್ತು, ವಾಕರಿಕೆಯ ರೂಪದಲ್ಲೇ ಬರುತ್ತದೆ. ಹಣೆಯ ಬೆವರು, ದವಡೆಗೆ ಹೋದ ಕೈ ಪರದೆಯ ಮೇಲೆ ಕಾಣುವಂಥವಲ್ಲ. (ಬುರ್ಖಾದವರ ಮುಖ ಕಾಣುವುದಿಲ್ಲವೆಂದು ದೂರುವ ವೈದ್ಯರಿದ್ದಾರೆ. ತಲೆಯೆತ್ತದವರಿಗೆ ತೆರೆದ ಮುಖ ತಾನೇ ಎಲ್ಲಿ ಕಾಣುತ್ತದೆ?) ಉರ್ದುವಿನಲ್ಲಿ ರೋಗಿಯನ್ನು ಕಾಣಲು ಹೋಗುವುದಕ್ಕೆ ‘ಬಿಮಾರ್‌ಪುರ್ಸಿ’ ಎನ್ನುತ್ತೇವೆ. ಆ ಪದದ ಅರ್ಥವೇ ರೋಗಿಯನ್ನು ವಿಚಾರಿಸುವುದು.

ಕಲಿಸಬೇಕಾದ್ದು ಕಷ್ಟದ್ದೇನಲ್ಲ. ಕೀಬೋರ್ಡ್ ಮುಟ್ಟುವ ಮೊದಲು ‘ಕೂತ್ಕೊಳ್ಳಿ ಅಮ್ಮ, ಏನಾಯ್ತು?’ ಎನ್ನಲಿ. ಮೊದಲ ಮಾತು ಮುಗಿಯುವವರೆಗೆ ಕೇಳಲಿ. ಟೈಪ್ ಮಾಡುವಾಗ ಏನು ಬರೆಯುತ್ತಿದ್ದೇನೆಂದು ಹೇಳಲಿ. ಪರದೆಯನ್ನು ರೋಗಿಯತ್ತ ತಿರುಗಿಸಿದರೆ ಸಾಕೆಂದು ಪರದೇಶದ ಪಾಠಗಳು ಹೇಳಬಹುದು. ಇಂಗ್ಲಿಷ್ ಓದಲು ಬಾರದ ನಮ್ಮ ತಾಯಂದಿರಿಗೆ ಅದನ್ನು ಅವರ ಮಾತಿನಲ್ಲೇ ಓದಿ ಹೇಳಬೇಕು. ಗರ್ಭಪಾತ, ಕ್ಷಯ, ಗಂಡನ ಹೊಡೆತದಂಥ ವಿಷಯ ಬಂದಾಗ ಕೀಬೋರ್ಡಿನಿಂದ ಕೈ ತೆಗೆಯಬೇಕು, ಹಿಂದೆ ಸಾಲಿನಲ್ಲಿ ನಿಂತವರ ಕಣ್ಣಿಗೆ ಪರದೆ ಬೀಳದಂತೆ ನೋಡಿಕೊಳ್ಳಬೇಕು.

‘ಸಮಯ ಎಲ್ಲಿದೆ?’ ಎನ್ನುತ್ತಾರೆ. ನ್ಯಾಯವಾದ ಮಾತು. 67 ದೇಶಗಳ ಲೆಕ್ಕ ಹಾಕಿದ 2017ರ ವರದಿಯೊಂದರಲ್ಲಿ ವೈದ್ಯರು ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮದು ಸುಮಾರು ಎರಡು ನಿಮಿಷ. ಹೆಚ್ಚು ವೈದ್ಯರನ್ನು, ಟೈಪ್ ಮಾಡಲು ಸಹಾಯಕರನ್ನು ನೇಮಿಸುವುದು ಸರಕಾರದ ಹೊಣೆ. ಅದನ್ನು ಯುವ ವೈದ್ಯರ ತಲೆಗೆ ಕಟ್ಟಲು ನಾವು ಸಿದ್ಧರಿಲ್ಲ. ಆದರೆ ಇರುವ ಎರಡು ನಿಮಿಷದಲ್ಲಿ ಅರ್ಧ ನಿಮಿಷ ಮುಖ ನೋಡಲು ಯಾವ ಬಜೆಟ್ ಬೇಕು?

ಪರೀಕ್ಷೆಯಲ್ಲಿ ಅಂಕವಿಲ್ಲದ್ದನ್ನು ನಮ್ಮ ಹುಡುಗರು ಕಲಿಯುವುದಿಲ್ಲ. ಆದ್ದರಿಂದ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇಡಿ. ಎದುರಿಗೆ ದಖ್ಖನಿಯೋ ಬ್ಯಾರಿಯೋ ತುಳುವೋ ಮಾತಾಡುವ ಒಬ್ಬ ತಾಯಿಯನ್ನು ಕೂರಿಸಿ. ಎಲ್ಲ ಮುಗಿದ ಮೇಲೆ, ಡಾಕ್ಟರು ನಿಮ್ಮ ಕಾಯಿಲೆಯ ಬಗ್ಗೆ ಏನು ಹೇಳಿದರು ಎಂದು ಪರೀಕ್ಷಕರು ಆಕೆಯನ್ನೇ ಕೇಳಲಿ. ಆಕೆಗೆ ಹೇಳಲಾಗದಿದ್ದರೆ ವಿದ್ಯಾರ್ಥಿಯ ಅಂಕ ಕಡಿಯಲಿ.