ದಂಡ ಬಿದ್ದರೂ ಲೈಸೆನ್ಸಿಗೆ ತಾಗದ ತಪ್ಪು

ಪುಣೆ–ಹೈದರಾಬಾದ್ ಹೆದ್ದಾರಿ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರವನ್ನು ಹಾದು ಹುಮನಾಬಾದಿನ ಕಡೆ ಸಾಗುತ್ತದೆ. ಹಗಲು ರಾತ್ರಿ ಲಾರಿಗಳ ಓಟ. ಅದೇ ರಸ್ತೆಯಲ್ಲಿ ವೀರಭದ್ರೇಶ್ವರ ಜಾತ್ರೆಗೋ, ಬೀಗರ ಮನೆಯ ಮದುವೆಗೋ ಹೊರಟ ಕುಟುಂಬಗಳೂ ಇರುತ್ತವೆ. ಬೈಕಿನ ಟ್ಯಾಂಕಿನ ಮೇಲೆ ಕುಳಿತು ಹ್ಯಾಂಡಲ್ ಹಿಡಿದ ಮೂರು ವರ್ಷದ ಮಗು ಒಂದೆಡೆ. ಕಾರಿನ ಮುಂದಿನ ಸೀಟಿನಲ್ಲಿ ಅಮ್ಮನ ತೊಡೆಯೇರಿದ ಕೂಸು ಇನ್ನೊಂದೆಡೆ. ಕಾನೂನಿನ ಕಣ್ಣಿಗೆ ಎರಡೂ ತಪ್ಪೇ. ಆದರೆ ಚಾಲಕನ ಲೈಸೆನ್ಸಿಗೆ ತಟ್ಟುವುದು ಮೊದಲನೆಯದು ಮಾತ್ರ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ, 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಹಾಕದೆ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದೆ ವಾಹನ ಓಡಿಸಿದರೆ 1000 ರೂಪಾಯಿ ದಂಡ. ದಂಡ ಕಟ್ಟಿದರೆ ಮುಗಿಯಿತು. ಅತಿವೇಗ, ಕುಡಿದು ಚಾಲನೆ, ಹೆಲ್ಮೆಟ್ ಇಲ್ಲದ ಸವಾರಿಯಂಥ ತಪ್ಪುಗಳಾದರೆ ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಮುಂದಿನ ಕ್ರಮಕ್ಕೆ ಆರ್‌ಟಿಒಗೆ ಕಳುಹಿಸಬೇಕು ಎನ್ನುತ್ತದೆ ಅದೇ ಕಾಯ್ದೆಯ 206ನೇ ಕಲಂ. ಆ ಪಟ್ಟಿಯಲ್ಲಿ 194ಬಿ ಸೇರಿಲ್ಲ.

ಬೈಕಿನ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ನಾಲ್ಕು ವರ್ಷ ದಾಟಿದವರೆಲ್ಲ ಹೆಲ್ಮೆಟ್ ಧರಿಸಲೇಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ 2023ರ ಫೆಬ್ರುವರಿಯಿಂದ ಹೆಲ್ಮೆಟ್ ಜೊತೆಗೆ ಸುರಕ್ಷಾ ಪಟ್ಟಿಯೂ ಕಡ್ಡಾಯ. ವೇಗ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ. ಸುರಕ್ಷಾ ಪಟ್ಟಿಯೆಂದರೆ ಮಗುವಿಗೆ ತೊಡಿಸುವ ನೈಲಾನ್ ಅಂಗಿ. ಅದರ ಪಟ್ಟಿಗಳನ್ನು ಸವಾರ ತನ್ನ ಹೆಗಲಿಗೆ ಹಾಕಿಕೊಳ್ಳಬೇಕು. 30 ಕೆ.ಜಿ. ಭಾರ ತಡೆಯುವಷ್ಟು ಅದು ಗಟ್ಟಿಯಾಗಿರಬೇಕು. ನಿಯಮ ಮುರಿದರೆ 194ಡಿ ಕಲಂ ಪ್ರಕಾರ ದಂಡವಲ್ಲದೆ ಮೂರು ತಿಂಗಳು ಲೈಸೆನ್ಸ್ ಅನರ್ಹ.

ಬೈಕಿನ ಅಪಾಯ ಹೆಚ್ಚು, ನಿಜ. ಹಾಗೆಂದು ಕಾರಿನೊಳಗಿನ ಮಗು ಸುರಕ್ಷಿತವೇನಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಅರ್ಧ ಮೀಟರಿನಲ್ಲಿ ನಿಂತರೆ 10 ಕೆ.ಜಿ. ತೂಕದ ಮಗುವನ್ನು ಹಿಡಿದಿಡಲು ಸುಮಾರು 200 ಕೆ.ಜಿ. ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ಬೆಲ್ಟ್ ಇಲ್ಲದಿದ್ದರೆ ಹಿಂದಿನ ಸೀಟೂ ರಕ್ಷಣೆಯಲ್ಲ: 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿ ಬೆಲ್ಟ್ ಹಾಕದೆ ಹಿಂದೆ ಕುಳಿತಿದ್ದರು.

ಮಗುವಿಗೆ ಬೆಲ್ಟ್ ಹಾಕದೆ ಕಾರು ಓಡಿಸುವ ಇದೇ ತಪ್ಪನ್ನು ಸಿಡ್ನಿಯಲ್ಲಿ ನೆಲೆಸಿದ ಕನ್ನಡಿಗರೊಬ್ಬರು ಮಾಡಿದರೆ ಅಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ದಂಡದ ಜೊತೆಗೆ ಲೈಸೆನ್ಸಿನ ಮೇಲೆ ಮೂರು ಡಿಮೆರಿಟ್ ಅಂಕ ಬೀಳುತ್ತವೆ. ದೊಡ್ಡ ರಜೆಗಳ ದಿನಗಳಲ್ಲಿ ಅದು ಇಮ್ಮಡಿ. ಪೂರ್ಣ ಲೈಸೆನ್ಸ್ ಇದ್ದವರಿಗೆ ಮೂರು ವರ್ಷದಲ್ಲಿ 13 ಅಂಕ ತುಂಬಿದರೆ ಲೈಸೆನ್ಸ್ ಅಮಾನತಿನ ನೋಟಿಸ್ ಬರುತ್ತದೆ. ಹಣವಂತನಿಗೆ ದಂಡ ದೊಡ್ಡದಲ್ಲ. ಅಂಕ ಮಾತ್ರ ಯಾರನ್ನೂ ಬಿಡುವುದಿಲ್ಲ.

ಮಕ್ಕಳ ಸೀಟು ದುಬಾರಿ, ನಮ್ಮ ಊರ ಅಂಗಡಿಯಲ್ಲಿ ಸಿಗುವುದೂ ಇಲ್ಲ ಎಂಬ ಮಾತಿದೆ. ಅದು ಒಪ್ಪತಕ್ಕದ್ದೇ. ಹಾಗಾಗಿ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಲೈಸೆನ್ಸಿಗೆ ದಾಖಲೆ ಎಂಬ ಕ್ರಮ ನ್ಯಾಯವಾದದ್ದು. ಆದರೆ ಕೂಸನ್ನು ಮುಂದಿನ ಸೀಟಿನಿಂದ ಹಿಂದಕ್ಕೆ ಕಳಿಸಲು, ದೊಡ್ಡ ಮಗುವಿಗೆ ಬೆಲ್ಟ್ ಬಿಗಿಯಲು ಒಂದು ರೂಪಾಯಿಯೂ ಬೇಡ.

ಕೇಂದ್ರ ಸರ್ಕಾರ ಎರಡನೆಯ ಸಲದ ತಪ್ಪಿಗೆ ಅನ್ವಯವಾಗುವಂತೆ 206ನೇ ಕಲಮಿನ ಪಟ್ಟಿಗೆ 194ಬಿಯನ್ನು ಸೇರಿಸಬೇಕು. ಬೀದರ್ ಸಂಸದರು ಈ ಬೇಡಿಕೆಯನ್ನು ಲೋಕಸಭೆಯಲ್ಲಿ ಎತ್ತಬೇಕು. ಅಲ್ಲಿಯವರೆಗೆ ಹುಮನಾಬಾದ್, ಬಸವಕಲ್ಯಾಣದ ಪೊಲೀಸರು ಹೆಲ್ಮೆಟ್ ತಪಾಸಣೆಗೆ ನಿಂತಾಗ ಕಾರಿನೊಳಗಿನ ಮಕ್ಕಳ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ.