ಗಾಲ್ಫ್ ಮೈದಾನದ ಪಕ್ಕ ವಿಲ್ಲಾ: ದುಡ್ಡು ನಿಮ್ಮದು, ಹುಲ್ಲು ಯಾರದ್ದು?

ದೇವನಹಳ್ಳಿ: ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಹೋಗುವವರಿಗೆ ಈಗ ದಾರಿಯಲ್ಲಿ ದ್ರಾಕ್ಷಿ ತೋಟಕ್ಕಿಂತ ಹೆಚ್ಚು ಕಾಣೋದು ಹೋರ್ಡಿಂಗ್‌ಗಳು. ಹಸಿರು ಹುಲ್ಲು, ಪಕ್ಕದಲ್ಲಿ ಬಿಳಿ ವಿಲ್ಲಾ, ಹಿಂದೆ ಬೆಟ್ಟ. ‘ಗಾಲ್ಫ್ ವ್ಯೂ’ ಅನ್ನೋ ಎರಡು ಪದ ಸೇರಿದರೆ ಸಾಕು, ಅದೇ ಅಳತೆಯ ಮನೆಗೆ ರೇಟೇ ಬೇರೆ.

2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಭಾಗದ ಜಮೀನಿನ ಕಥೆ ಎಲ್ಲರಿಗೂ ಗೊತ್ತು. ಗಾಲ್ಫ್ ಮೈದಾನದ ಸುತ್ತ ಮನೆ ಕಟ್ಟಿ ಮಾರುವ ಟೌನ್‌ಶಿಪ್ ಆ ಕಥೆಯ ದುಬಾರಿ ಅಧ್ಯಾಯ. ಕಾರಹಳ್ಳಿ ಬಳಿ ಸುಮಾರು 275 ಎಕರೆಯಲ್ಲಿ 18 ಹೋಲ್‌ಗಳ ಮೈದಾನ, ವಿಲ್ಲಾ, ಹೋಟೆಲ್ ಸೇರಿರುವ ಪ್ರೆಸ್ಟೀಜ್ ಗಾಲ್ಫ್‌ಶೈರ್ ನಮ್ಮ ತಾಲ್ಲೂಕಿನ ದೊಡ್ಡ ಉದಾಹರಣೆ. ಬಿಡದಿಯ ಈಗಲ್‌ಟನ್ ಅದಕ್ಕೂ ಹಳೆಯದು.

ಇಂಥ ಮನೆ ಕೊಳ್ಳೋರು ಬರೀ ಕೋಟ್ಯಧೀಶರು ಅಂದುಕೊಳ್ಳಬೇಡಿ. 20 ವರ್ಷದ ಸಾಲ ಮಾಡಿ ಬರುವ ಐಟಿ ದಂಪತಿ ಇದ್ದಾರೆ. ಊರಿನ ಜಮೀನು ಮಾರಿ ಬಂದ ದುಡ್ಡನ್ನ ‘ಸೇಫ್ ಆಗಿರಲಿ’ ಅಂತ ಇಲ್ಲಿ ಹಾಕೋರೂ ಇದ್ದಾರೆ. ಹಾಗಾಗಿ ಒಂದು ಪ್ರಶ್ನೆ ಕೇಳಲೇಬೇಕು: ಆ ಹುಲ್ಲಿಗೆ ಅಂತ ನೀವು ಕೊಡೋ ಹೆಚ್ಚಿನ ದುಡ್ಡಿಗೆ, ಹುಲ್ಲಿನ ಮೇಲೆ ನಿಮಗೆ ಏನಾದರೂ ಹಕ್ಕು ಬರುತ್ತಾ?

ಕ್ರಯಪತ್ರ ಏನು ಹೇಳುತ್ತೆ

ಬಹಳಷ್ಟು ಕಡೆ ಉತ್ತರ ‘ಇಲ್ಲ’ ಅಂತಲೇ ಇರುತ್ತೆ. ಕ್ರಯಪತ್ರದಲ್ಲಿ ಬರೋದು ನಿಮ್ಮ ಸೈಟು, ಮನೆ ಮತ್ತು ರಸ್ತೆ, ಪಾರ್ಕ್‌ಗಳಲ್ಲಿ ಒಂದು ಪಾಲು. ಗಾಲ್ಫ್ ಮೈದಾನ, ಕ್ಲಬ್‌ಹೌಸ್ ಕಂಪನಿಯ ಹೆಸರಲ್ಲೋ, ಅದರದ್ದೇ ಇನ್ನೊಂದು ಸಂಸ್ಥೆಯ ಹೆಸರಲ್ಲೋ ಉಳಿಯುತ್ತೆ. ನಿಮಗೆ ಸಿಗೋದು ನೋಟ. ಜಾಸ್ತಿ ಅಂದರೆ ಸದಸ್ಯತ್ವ, ಅದೂ ಷರತ್ತಿನ ಮೇಲೆ.

ಇದರಲ್ಲಿ ಕಾನೂನುಬಾಹಿರ ಏನೂ ಇಲ್ಲ. ಆದರೆ ವ್ಯತ್ಯಾಸ ದೊಡ್ಡದು. 2016ರ ರೇರಾ ಕಾಯ್ದೆಯ ಪ್ರಕಾರ ಯೋಜನೆಯ ಸಾಮಾನ್ಯ ಜಾಗಗಳನ್ನ ಬಿಲ್ಡರ್ ನಿವಾಸಿಗಳ ಸಂಘಕ್ಕೆ ಬರೆದುಕೊಡಬೇಕು. ಇದು ಸೆಕ್ಷನ್ 17. ಮಂಜೂರಾದ ನಕ್ಷೆಯಲ್ಲಿ ಸಾಮಾನ್ಯ ಜಾಗ ಬದಲಾಯಿಸಬೇಕಾದರೆ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು; ಇದು ಸೆಕ್ಷನ್ 14. ಗಾಲ್ಫ್ ಮೈದಾನ ರೇರಾದಲ್ಲಿ ನೋಂದಣಿಯಾದ ಯೋಜನೆಯ ಒಳಗೆ, ಸಾಮಾನ್ಯ ಜಾಗವಾಗಿ ಇದ್ದರೆ ಈ ಎರಡೂ ರಕ್ಷಣೆ ಸಿಗುತ್ತೆ. ಸರ್ವೆ ನಂಬರ್ ಯೋಜನೆಯಿಂದ ಹೊರಗಿದ್ದರೆ ಅದು ಪಕ್ಕದ ಮನೆಯವರ ಹೊಲ ಇದ್ದ ಹಾಗೆ. ನಾಳೆ ಅಲ್ಲಿ ಇನ್ನಷ್ಟು ಅಪಾರ್ಟ್‌ಮೆಂಟ್ ಎದ್ದರೆ ತಡೆಯೋಕೆ ನಿಮ್ಮ ಕೈಯಲ್ಲಿ ಕಾಗದ ಇರಲ್ಲ.

ಅಮೆರಿಕದಲ್ಲಿ ಇಂಥ ಬಡಾವಣೆಗಳು ನಮಗಿಂತ ಎಷ್ಟೋ ಹಳೆಯವು, ಜಗಳಗಳೂ ಹಳೆಯವು. ಅರಿಝೋನಾದ ಫೀನಿಕ್ಸ್ ನಗರದ ಅಹ್ವಾಟುಕಿ ಲೇಕ್ಸ್ ಗಾಲ್ಫ್ ಮೈದಾನವನ್ನ 2013ರಲ್ಲಿ ಮಾಲೀಕರು ಮುಚ್ಚಿದರು. ಹುಲ್ಲು ಒಣಗಿತು. ಆ ಜಾಗದಲ್ಲಿ ಮನೆ ಕಟ್ಟುವ ಪ್ರಸ್ತಾವ ಬಂತು. ಸುತ್ತಲಿನ ನಿವಾಸಿಗಳು ಕೋರ್ಟಿಗೆ ಹೋದರು, ವರ್ಷಗಟ್ಟಲೆ ಕೇಸು ನಡೆದು ತೀರ್ಪು ಅವರ ಪರ ಬಂತು. ಗೆದ್ದಿದ್ದು ಹೇಗೆ? ಆ ಜಾಗ ಗಾಲ್ಫ್ ಮೈದಾನವಾಗಿಯೇ ಇರಬೇಕು ಅನ್ನೋ ಷರತ್ತು ಜಮೀನಿನ ದಾಖಲೆಯಲ್ಲೇ ನೋಂದಣಿಯಾಗಿತ್ತು. ಬರೀ ಬ್ರೋಷರ್ ನಂಬಿಕೊಂಡಿದ್ದರೆ ಕಥೆ ಬೇರೆಯೇ ಆಗ್ತಿತ್ತು.

ನೀರಿನ ಲೆಕ್ಕ

ಎರಡನೇ ವಿಷಯ ನೀರು. ದೇವನಹಳ್ಳಿ ಅಂತರ್ಜಲ ಅತಿಬಳಕೆಯಾಗಿರುವ ತಾಲ್ಲೂಕುಗಳ ಪಟ್ಟಿಯಲ್ಲಿದೆ. ನಮಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಬೋರ್‌ವೆಲ್ ಎಷ್ಟು ಆಳ ಹೋಗಿದೆ ಅಂತ ಇಲ್ಲಿನ ಯಾವ ರೈತರನ್ನ ಕೇಳಿದರೂ ಹೇಳ್ತಾರೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಬೇಕಾದರೆ ಸುಮಾರು 4,047 ಲೀಟರ್ ಬೇಕು. 60 ಎಕರೆ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ 4 ಮಿಲಿಮೀಟರ್ ಹಾಯಿಸಿದರೆ ಅದು 9.7 ಲಕ್ಷ ಲೀಟರ್ ಆಗುತ್ತೆ. ‘ಎಸ್‌ಟಿಪಿ ನೀರೇ ಹುಲ್ಲಿಗೆ ಹಾಕ್ತೀವಿ’ ಅಂತ ಮಾರಾಟದವರು ಹೇಳ್ತಾರೆ. ಸರಿ. 300 ಮನೆ, ಮನೆಗೆ ನಾಲ್ಕು ಜನ, ತಲಾ 135 ಲೀಟರ್ ಅಂದುಕೊಳ್ಳಿ. ದಿನಕ್ಕೆ 1.62 ಲಕ್ಷ ಲೀಟರ್ ಬಳಕೆ. ಅದರಲ್ಲಿ ಶೇ 80ರಷ್ಟು ಚರಂಡಿಗೆ ಬಂದರೂ ಸಂಸ್ಕರಿಸಿ ಸಿಗೋದು ಸುಮಾರು 1.3 ಲಕ್ಷ ಲೀಟರ್. ಉಳಿದ 8 ಲಕ್ಷ ಲೀಟರ್ ಎಲ್ಲಿಂದ?

ಮಳೆನೀರಿನ ಹೊಂಡ, ಹೊರಗಿನಿಂದ ಸಂಸ್ಕರಿತ ನೀರು, ಇಲ್ಲಾ ಬೋರ್‌ವೆಲ್. ಮೊದಲೆರಡು ಇದ್ದರೆ ಕಾಗದದಲ್ಲಿ ತೋರಿಸಲಿ. ಬೋರ್‌ವೆಲ್ ಆದರೆ ಪಕ್ಕದ ಹಳ್ಳಿಯ ಜೊತೆ ಜಗಳ ಇವತ್ತಲ್ಲ ನಾಳೆ ಖಂಡಿತ. ಅದು ಹಳ್ಳಿಯವರ ಸಮಸ್ಯೆ ಮಾತ್ರ ಅಂದುಕೊಂಡರೆ ತಪ್ಪು. ಬೋರ್ ಬತ್ತಿದ ವರ್ಷ ಮೊದಲು ಒಣಗೋದು ನೀವು ಹೆಚ್ಚು ದುಡ್ಡು ಕೊಟ್ಟ ಆ ಹುಲ್ಲೇ. ಆಮೇಲೆ ಟ್ಯಾಂಕರ್ ಖರ್ಚು ನಿಮ್ಮ ಮೇಂಟೆನೆನ್ಸ್ ಬಿಲ್‌ಗೆ ಬರುತ್ತೆ.

ಜಮೀನಿನ ಪೂರ್ವಾಪರ

ಗಾಲ್ಫ್ ಟೌನ್‌ಶಿಪ್‌ಗೆ ನೂರಾರು ಎಕರೆ ಒಟ್ಟಿಗೆ ಬೇಕು. ನಮ್ಮ ಕಡೆ ಅಷ್ಟು ಜಮೀನು ಒಬ್ಬರ ಹತ್ರ ಇರಲ್ಲ. ಹತ್ತಾರು ಸರ್ವೆ ನಂಬರ್, ಹತ್ತಾರು ಕುಟುಂಬ. ನಡುವೆ ಗೋಮಾಳ, ರಾಜಕಾಲುವೆ, ಬಂಡಿದಾರಿ ಇದ್ದೇ ಇರುತ್ತೆ. ‘ಬಿ ಖರಾಬು’ ಅಂತ ದಾಖಲಾದ ಜಾಗ ಸರ್ಕಾರದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತೆ.

ಇದು ಬರೀ ಹೆದರಿಸೋ ಮಾತಲ್ಲ. ಅಂದಿನ ರಾಮನಗರ, ಈಗಿನ ಬೆಂಗಳೂರು ದಕ್ಷಿಣ ಜಿಲ್ಲೆಯ ಬಿಡದಿಯಲ್ಲಿ ಈಗಲ್‌ಟನ್ ರೆಸಾರ್ಟ್ ಸುಮಾರು 77 ಎಕರೆ ಸರ್ಕಾರಿ ಜಮೀನು ಒತ್ತುವರಿ ಮಾಡಿದೆ ಅಂತ ಹೇಳಿ ರಾಜ್ಯ ಸಚಿವ ಸಂಪುಟ 2017ರಲ್ಲಿ 982 ಕೋಟಿ ರೂಪಾಯಿ ವಸೂಲಿಗೆ ತೀರ್ಮಾನಿಸಿತು. ಗುಜರಾತ್ ಶಾಸಕರು ಬಂದು ತಂಗಿದ್ದ ವರ್ಷವೇ ಅದು. ಶಾಸಕರ ಸುದ್ದಿ ಎಲ್ಲರಿಗೂ ನೆನಪಿದೆ, ಜಮೀನಿನ ಸುದ್ದಿ ನೆನಪಿರೋರು ಕಮ್ಮಿ. ಮನೆ ಕೊಳ್ಳೋರು ನೆನಪಿಡಬೇಕಾದ್ದು ಜಮೀನಿನದ್ದೇ.

ರೇಟಿನ ಮೇಲೊಂದು ರೇಟು

ಐದು ಕೋಟಿಯ ವಿಲ್ಲಾ ಅಂತ ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಇಷ್ಟಕ್ಕೇ ಸುಮಾರು 38 ಲಕ್ಷ. ಮನೆ ಇನ್ನೂ ಕಟ್ಟುತ್ತಿದ್ದರೆ ಶೇ 5 ಜಿಎಸ್‌ಟಿ ಬೇರೆ.

ಮೇಂಟೆನೆನ್ಸ್ ಚದರ ಅಡಿಗೆ 8 ರೂಪಾಯಿ, ಮನೆ 4,000 ಚದರ ಅಡಿ ಅಂದರೆ ತಿಂಗಳಿಗೆ 32,000. ಶೇ 18 ಜಿಎಸ್‌ಟಿ ಸೇರಿ 37,760. ವರ್ಷಕ್ಕೆ ನಾಲ್ಕೂವರೆ ಲಕ್ಷ, ನೀವು ಗಾಲ್ಫ್ ಕೋಲು ಮುಟ್ಟದಿದ್ದರೂ. ಮೈದಾನದ ನಿರ್ವಹಣೆ ಖರ್ಚು ಇದರಲ್ಲಿ ಸೇರಿದೆಯಾ ಅಂತ ಕೇಳಿ. ಮೈದಾನ ಕಂಪನಿಯದ್ದು, ಹುಲ್ಲು ಕತ್ತರಿಸೋ ಖರ್ಚು ನಿಮ್ಮದು ಅಂತಾದರೆ ಅದು ನ್ಯಾಯವಾದ ವ್ಯವಹಾರ ಅಲ್ಲ.

ಕಟ್ಟೋ ಮುಂಚೆ ಕೊಂಡರೆ

ನೋಯ್ಡಾದ ಜೇಪಿ ವಿಶ್‌ಟೌನ್ ಕೂಡ ಗಾಲ್ಫ್ ಮೈದಾನ ಇಟ್ಟುಕೊಂಡೇ ಮಾರಾಟವಾದ ಟೌನ್‌ಶಿಪ್. ಕಂಪನಿ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸುಮಾರು 20 ಸಾವಿರ ಮನೆ ಖರೀದಿದಾರರು ಸಿಕ್ಕಿಹಾಕಿಕೊಂಡರು. ಹೊಸ ಕಂಪನಿಯ ಯೋಜನೆಗೆ ಎನ್‌ಸಿಎಲ್‌ಟಿ ಒಪ್ಪಿಗೆ ಕೊಡುವಷ್ಟರಲ್ಲಿ 2023ರ ಮಾರ್ಚ್ ಆಗಿತ್ತು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಕಂತು ಅಂತ ಎರಡೂ ಕಟ್ಟಿದವರ ಗೋಳು ಅದು.

ಈಗ ರೇರಾ ಇದೆ, ಖರೀದಿದಾರರಿಂದ ಬಂದ ದುಡ್ಡಿನ ಶೇ 70 ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಒಪ್ಪಂದ ನೋಂದಣಿ ಆಗದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಜಾಹೀರಾತಲ್ಲಿ ಸುಳ್ಳು ಹೇಳಿ ನಷ್ಟ ಮಾಡಿದರೆ ಸೆಕ್ಷನ್ 12ರಲ್ಲಿ ಪರಿಹಾರ ಕೇಳಬಹುದು. ಹಾಗಾಗಿ ಬ್ರೋಷರ್ ಬಿಸಾಡಬೇಡಿ, ವಾಟ್ಸ್‌ಆ್ಯಪ್ ಮೆಸೇಜ್ ಅಳಿಸಬೇಡಿ.

ಟೋಕನ್ ಕೊಡೋ ಮುಂಚೆ ಕೇಳಿ

- ಗಾಲ್ಫ್ ಮೈದಾನದ ಸರ್ವೆ ನಂಬರ್‌ಗಳು ಯಾವುವು, ಪಹಣಿ ಯಾರ ಹೆಸರಲ್ಲಿದೆ? ರೇರಾ ನೋಂದಣಿ ಒಳಗಿದೆಯಾ, ಹೊರಗಿದೆಯಾ?
- ಮಂಜೂರಾದ ನಕ್ಷೆಯಲ್ಲಿ ಆ ಜಾಗ ಏನು ಅಂತ ಗುರುತಾಗಿದೆ? ನಮ್ಮ ಭಾಗದಲ್ಲಿ ಬಯಪ ಕಚೇರಿಯ ನಕ್ಷೆ ನೋಡಿ, ಮಾರಾಟದ ಕಚೇರಿಯ ಬಣ್ಣದ ನಕ್ಷೆ ಅಲ್ಲ.
- ಮೈದಾನವನ್ನ ಮುಂದೆ ಬೇರೆ ಉದ್ದೇಶಕ್ಕೆ ಬಳಸಲ್ಲ ಅನ್ನೋ ಷರತ್ತು ನೋಂದಾಯಿತ ಪತ್ರದಲ್ಲಿ ಇದೆಯಾ?
- ಸದಸ್ಯತ್ವ ಮನೆ ಜೊತೆ ಬರುತ್ತಾ? ಮನೆ ಮಾರಿದರೆ ಕೊಂಡವರಿಗೆ ವರ್ಗಾವಣೆ ಆಗುತ್ತಾ, ಮತ್ತೆ ದುಡ್ಡು ಕಟ್ಟಬೇಕಾ?
- ಹುಲ್ಲಿಗೆ ನೀರು ಎಲ್ಲಿಂದ? ಎಷ್ಟು ಬೋರ್‌ವೆಲ್, ಅನುಮತಿ ಪತ್ರ ಎಲ್ಲಿ?
- ಭೂಪರಿವರ್ತನೆ ಆದೇಶ, ಆಕಾರ್‌ಬಂದ್, ಸರ್ವೆ ಸ್ಕೆಚ್, ಕನಿಷ್ಠ 30 ವರ್ಷದ ಇ.ಸಿ. ನಿಮ್ಮದೇ ವಕೀಲರಿಗೆ ತೋರಿಸಿದ್ದೀರಾ? ಬಿಲ್ಡರ್ ಕೊಡೋ ವಕೀಲರ ಅಭಿಪ್ರಾಯ ಸಾಲದು.

ಇಷ್ಟಕ್ಕೆಲ್ಲ ಕಾಗದದಲ್ಲಿ ಉತ್ತರ ಬಂದರೆ ಧೈರ್ಯವಾಗಿ ಮುಂದುವರಿಯಿರಿ. ಒಳ್ಳೆಯ ರಸ್ತೆ, ಮರ, ಮಕ್ಕಳು ಓಡಾಡೋಕೆ ಜಾಗ ಇರೋ ಬಡಾವಣೆಯಲ್ಲಿ ಬದುಕೋ ಆಸೆ ತಪ್ಪಲ್ಲ. ‘ಅದೆಲ್ಲ ಆಮೇಲೆ ನೋಡೋಣ ಸಾರ್, ಮೊದಲು ಬ್ಲಾಕ್ ಮಾಡಿ’ ಅಂದರೆ ಮಾತ್ರ ವಾಪಸ್ ಬನ್ನಿ.

ನೀರಿನ ಪ್ರಶ್ನೆ ಖರೀದಿದಾರರು ಮಾತ್ರ ಕೇಳಿದರೆ ಸಾಲದು, ಗ್ರಾಮ ಪಂಚಾಯಿತಿಗಳೂ ಕೇಳಬೇಕು. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನ ಬಡಾವಣೆಗಳ ಬೋರ್‌ವೆಲ್ ಪಟ್ಟಿ ಓದಿ ಹೇಳಿ ಅಂತ ಪಿಡಿಒ ಅವರನ್ನ ಕೇಳಿ. ಒಳಗಿನ ವಿಲ್ಲಾದವರೂ ಹೊರಗಿನ ರೈತರೂ ನೀರು ಎತ್ತುತ್ತಿರೋದು ಒಂದೇ ನೆಲದಿಂದ.